ಪೈಲಟ್ ಮೇಷ್ಟ್ರಿಗೇ ಮೇಷ್ಟ್ರಾಗುವುದು ಹೇಗೆ?

ದಾವಣಗೆರೆಗೆ ಇನ್ನೂ ವಿಮಾನ ನಿಲ್ದಾಣ ಬಂದಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಡಿಆರ್‌ಡಿಒ ಪರೀಕ್ಷಾ ನೆಲೆಯ ರನ್‌ವೇ ಇದೆ, ನಿಜ. ಆದರೆ 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆ ಉಡಾವಣಾ ವಾಹನ ಅಲ್ಲಿ ಇಳಿದಾಗ ಒಳಗೆ ಪೈಲಟ್ಟೇ ಇರಲಿಲ್ಲ! ಹಾಗಾಗಿ ಹಾರುವ ಆಸೆ ಇರುವ ನಮ್ಮ ಹುಡುಗ ಹುಡುಗಿಯರು ಬೆಂಗಳೂರಿನ ಜಕ್ಕೂರು ಹಾರಾಟ ಶಾಲೆಗೋ, ದುಡ್ಡು ಹೊಂದಿದರೆ ಅಮೆರಿಕಕ್ಕೋ ಹೋಗಬೇಕು.

ಅಮೆರಿಕಕ್ಕೆ ಹೋದವರಲ್ಲಿ ಕೆಲವರು ಅಲ್ಲೇ ಫ್ಲೈಟ್ ಇನ್‌ಸ್ಟ್ರಕ್ಟರ್ ಆಗುತ್ತಾರೆ. ಅದರ ಮುಂದಿನ ಮೆಟ್ಟಿಲು ಹೊಸ ಇನ್‌ಸ್ಟ್ರಕ್ಟರ್‌ಗಳನ್ನು ತಯಾರು ಮಾಡುವುದು. ಈ ಕೆಲಸಕ್ಕೆ ಜನ ಯಾವಾಗಲೂ ಬೇಕು. ಅಲ್ಲಿ ವಿಮಾನ ಕಂಪನಿ ಸೇರಲು ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕು. ಎಷ್ಟೋ ಜನ ಆ ಗಂಟೆ ತುಂಬಿಸಿಕೊಳ್ಳಲೆಂದೇ ಪಾಠ ಹೇಳಿ, ತುಂಬಿದ ಕೂಡಲೇ ಹೊರಟುಬಿಡುತ್ತಾರೆ. ಖಾಲಿಯಾದ ಜಾಗಕ್ಕೆ ಹೊಸಬರನ್ನು ತಯಾರು ಮಾಡುವವರು ಬೇಕಲ್ವಾ?

ಮೊದಲು ಇನ್‌ಸ್ಟ್ರಕ್ಟರ್ ಆಗಿ

ವಯಸ್ಸು 18 ಆಗಿರಬೇಕು. ವಿಮಾನ ಕಲಿಸುವವರಿಗೆ ಕಮರ್ಷಿಯಲ್ ಲೈಸೆನ್ಸ್ ಜೊತೆಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಏನೂ ಕಾಣದಿದ್ದಾಗ ಉಪಕರಣ ನೋಡಿಯೇ ಹಾರಿಸುವ ಅರ್ಹತೆ) ಬೇಕು. ಪಾಠ ಹೇಳುವ ವಿಧಾನದ ಮೇಲೆ ಒಂದು, ಹಾರಾಟದ ವಿಷಯದ ಮೇಲೆ ಒಂದು, ಹೀಗೆ ಎರಡು ಲಿಖಿತ ಪರೀಕ್ಷೆ. ಆಮೇಲೆ ಮೌಖಿಕ ಮತ್ತು ಹಾರಾಟದ ಪರೀಕ್ಷೆ. ಮೌಖಿಕವೇ ಗಂಟೆಗಟ್ಟಲೆ ನಡೆಯುತ್ತದೆ. ಹೊಟ್ಟೆ ತುಂಬ ತಿಂಡಿ ತಿಂದು ಹೋಗಿ.

ಕಲಿಸಿದ ಗಂಟೆ ಲೆಕ್ಕ ಇಡಿ

ಹೊಸ ಇನ್‌ಸ್ಟ್ರಕ್ಟರ್‌ಗಳನ್ನು ತಯಾರು ಮಾಡಲು ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮದ ಮುಖ್ಯ ದಾರಿ ಹೀಗಿದೆ. ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟ್ ಸಿಕ್ಕಿ 24 ತಿಂಗಳಾಗಿರಬೇಕು. 200 ಗಂಟೆ ಹಾರಾಟ ಕಲಿಸಿರಬೇಕು. ಗ್ಲೈಡರ್ ಆದರೆ 80 ಗಂಟೆ ಸಾಕು. ಗಮನಿಸಿ, ಇದು ನೀವು ಹಾರಿದ ಗಂಟೆ ಅಲ್ಲ, ಕಲಿಸಿದ ಗಂಟೆ. ಲಾಗ್‌ಬುಕ್ಕಿನಲ್ಲಿ ಇದಕ್ಕೆ ಬೇರೆ ಕಾಲಂ ಇಟ್ಟು ದಿನವೂ ತುಂಬಿಸಿ. ನೆಲದ ಮೇಲಿನ ಪಾಠವನ್ನೂ ಹೊಸ ಇನ್‌ಸ್ಟ್ರಕ್ಟರ್‌ಗೆ ನೀವೇ ಹೇಳಬೇಕೆಂದರೆ 24 ತಿಂಗಳ ಜೊತೆ 40 ಗಂಟೆ ತರಗತಿ ನಡೆಸಿರಬೇಕು.

ನಮ್ಮವರಿಗೆ ತೊಡಕಾಗುವುದು ಆ 24 ತಿಂಗಳು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದು ಮುಗಿದ ಮೇಲೆ ಕೆಲಸಕ್ಕೆ ಸಿಗುವುದು ಸಾಮಾನ್ಯವಾಗಿ 12 ತಿಂಗಳು. ವೃತ್ತಿ ತರಬೇತಿಯ ಎಂ-1 ವೀಸಾ ಆದರೆ ಹೆಚ್ಚೆಂದರೆ 6 ತಿಂಗಳು. ಎರಡು ವರ್ಷ ಎಲ್ಲಿಂದ ತರೋಣ? ಎಫ್‌ಎಎ ಒಪ್ಪಿದ ಇನ್‌ಸ್ಟ್ರಕ್ಟರ್ ಕೋರ್ಸ್ ಇರುವ ಶಾಲೆಗಳಲ್ಲಿ ಇನ್ನೊಂದು ದಾರಿ ಇದೆ. 400 ಗಂಟೆ ಕಲಿಸಿರಬೇಕು, ಕನಿಷ್ಠ 5 ಜನರನ್ನು ತಯಾರು ಮಾಡಿ ಪರೀಕ್ಷೆಗೆ ಕಳಿಸಿರಬೇಕು, ಅವರಲ್ಲಿ ಶೇ 80ರಷ್ಟು ಮಂದಿ ಮೊದಲ ಸಲವೇ ಪಾಸಾಗಿರಬೇಕು. ಆಗ 24 ತಿಂಗಳ ಷರತ್ತು ಅಡ್ಡ ಬರುವುದಿಲ್ಲ. ಆದ್ದರಿಂದ ಶಾಲೆಗೆ ಸೇರುವ ಮೊದಲೇ ಎರಡು ಪ್ರಶ್ನೆ ಕೇಳಿ: ಯಾವ ವೀಸಾ ಕೊಡಿಸುತ್ತೀರಿ? ನಿಮ್ಮಲ್ಲಿ ಮಂಜೂರಾದ ಇನ್‌ಸ್ಟ್ರಕ್ಟರ್ ಕೋರ್ಸ್ ಇದೆಯಾ? ಫೀಸಿನ ಚೌಕಾಸಿ ಆಮೇಲೆ ಮಾಡಿದರಾಯಿತು.

ಐದರಲ್ಲಿ ನಾಲ್ಕು ಅಂದರೆ ಒಬ್ಬರಷ್ಟೇ ಎಡವಬಹುದು. ಶಿಷ್ಯ ‘ಸರ್, ಹೇಗೋ ಆಗುತ್ತೆ, ಸೈನ್ ಹಾಕಿ’ ಎಂದು ಗೋಗರೆದರೂ ತಯಾರಿಲ್ಲದವರನ್ನು ಪರೀಕ್ಷೆಗೆ ಕಳಿಸಬೇಡಿ.

ಎಡ ಸೀಟಿಗೆ ವಾಪಸ್ ಬನ್ನಿ

ವಿಮಾನದಲ್ಲಿ ಶಿಷ್ಯ ಎಡಕ್ಕೆ, ಗುರು ಬಲಕ್ಕೆ. ಹೊಸದಾಗಿ ಇನ್‌ಸ್ಟ್ರಕ್ಟರ್ ಆಗುವವರಿಗೆ ಮೊದಲ ಕಷ್ಟ ಇದೇ. ಅದುವರೆಗೆ ಎಡಗಡೆ ಕೂತು ಹಾರಿಸಿದವರು ಈಗ ಬಲಗಡೆಯಿಂದ ಇಳಿಸಬೇಕು. ಎಂಜಿನ್ ಮುಚ್ಚಳದ ನಡುವಿನಿಂದ ರನ್‌ವೇ ಗೆರೆ ನೋಡಿದರೆ ವಿಮಾನದ ಮೂಗು ಬಲಕ್ಕೆ ಓರೆಯಾಗಿರುತ್ತದೆ, ಅವರಿಗೆ ಮಾತ್ರ ನೇರ ಕಾಣುತ್ತದೆ. ತಮ್ಮ ಕಣ್ಣೆದುರಿಗೆ ನೇರ ನೋಡಿ ಅಂತ ಹೇಳಿ, ಚಕ್ರ ನೆಲ ಮುಟ್ಟುವ ತನಕ ಮತ್ತೆ ಮತ್ತೆ ನೆನಪಿಸಿ.

ಆ ಹೊತ್ತಿಗೆ ನೀವು ಶಿಷ್ಯನ ಎಡ ಸೀಟಿನಲ್ಲಿರುತ್ತೀರಿ. ಎರಡು ವರ್ಷ ಬಲಗಡೆ ಕೂತವರಿಗೆ ಅಲ್ಲಿ ಕೈ ತಡಕಾಡುತ್ತದೆ. ಬೇರೆಯವರಿಗೆ ಕಲಿಸುವ ಮೊದಲು ಒಂದಷ್ಟು ಲ್ಯಾಂಡಿಂಗ್ ಮಾಡಿ ಕೈ ಸರಿಮಾಡಿಕೊಳ್ಳಿ.

ಇನ್ನು ನಿಮ್ಮ ಕೆಲಸ ನಟನೆ. ಅಡ್ಡಗಾಳಿಯಲ್ಲಿ ರಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಭಾಗ) ಪೆಡಲ್ ಒತ್ತಲು ಮರೆಯಿರಿ. ನೆಲ ಇನ್ನೂ ದೂರ ಇರುವಾಗಲೇ ಮೂಗು ಎತ್ತಿ. ಸುಮ್ನೆ ತಪ್ಪು ಮಾಡಿದರೆ ಸಾಲದು, ನಿಜವಾದ ಕಲಿಯುವವರು ಮಾಡುವಂಥ ತಪ್ಪನ್ನೇ ಮಾಡಬೇಕು. ಪಕ್ಕದವರು ಎಷ್ಟು ಬೇಗ ಗುರುತಿಸುತ್ತಾರೆ, ಎಷ್ಟು ಹೊತ್ತು ತಡೆದುಕೊಳ್ಳುತ್ತಾರೆ, ಯಾವಾಗ ಕಂಟ್ರೋಲ್ ತೆಗೆದುಕೊಳ್ಳುತ್ತಾರೆ ಎಂದು ನೋಡಿ. ಬೇಗ ಕಿತ್ತುಕೊಂಡರೆ ಶಿಷ್ಯ ಕಲಿಯುವುದಿಲ್ಲ, ತಡ ಮಾಡಿದರೆ ವಿಮಾನ ಉಳಿಯುವುದಿಲ್ಲ. ಈ ಹದ ಯಾವ ಗಂಟೆ ಲೆಕ್ಕದಲ್ಲೂ ಬರುವುದಿಲ್ಲ. ನನ್ನ ಪ್ರಕಾರ ಇಡೀ ತರಬೇತಿಯ ತಿರುಳೇ ಇದು.

ಕಂಟ್ರೋಲ್ ಕೈ ಬದಲಾಗುವಾಗ ಮೂರು ಮಾತು ಕಡ್ಡಾಯ. ಕೊಡುವವರು ‘ಯು ಹ್ಯಾವ್ ದ ಕಂಟ್ರೋಲ್ಸ್’, ತೆಗೆದುಕೊಳ್ಳುವವರು ‘ಐ ಹ್ಯಾವ್ ದ ಕಂಟ್ರೋಲ್ಸ್’, ಮತ್ತೆ ಕೊಟ್ಟವರು ‘ಯು ಹ್ಯಾವ್ ದ ಕಂಟ್ರೋಲ್ಸ್’. ನಟನೆಯ ನಡುವೆಯೂ ಇದನ್ನು ಬಿಡಬೇಡಿ. ಇಬ್ಬರೂ ಹಾರಿಸುತ್ತಿಲ್ಲದ ವಿಮಾನ ಬಹಳ ಅಪಾಯ.

ಸ್ಪಿನ್, ಅಂದರೆ ವಿಮಾನ ಎತ್ತುವ ಬಲ ಕಳೆದುಕೊಂಡು ಗಿರಗಿರನೆ ಸುತ್ತುತ್ತ ಕೆಳಗಿಳಿಯುವುದು ಕೂಡ ಇದೇ ಹಂತದಲ್ಲಿ ಬರುತ್ತದೆ. ಅಮೆರಿಕದಲ್ಲಿ ಮಾಮೂಲಿ ಪೈಲಟ್‌ಗೆ ಸ್ಪಿನ್ ಮಾಡಿಸಿ ತೋರಿಸುವುದು ಕಡ್ಡಾಯವಲ್ಲ, ಇನ್‌ಸ್ಟ್ರಕ್ಟರ್ ಆಗುವವರಿಗೆ ಕಡ್ಡಾಯ. ಅದರಿಂದ ಹೊರಬರುವ ಕ್ರಮ ಇದು: ಪವರ್ ಪೂರ್ತಿ ಇಳಿಸು, ಏಲರಾನ್ (ರೆಕ್ಕೆ ಓಲಿಸುವ ಭಾಗ) ನಡುವಿಗೆ ತಾ, ಸುತ್ತುವ ದಿಕ್ಕಿಗೆ ವಿರುದ್ಧ ರಡರ್ ಒತ್ತು, ಎಲಿವೇಟರ್ (ಮೂಗು ಏರಿಸಿ ಇಳಿಸುವ ಭಾಗ) ಹಿಡಿಕೆ ಮುಂದಕ್ಕೆ ತಳ್ಳು. ಸ್ಪಿನ್‌ಗೆ ಅನುಮತಿ ಇರುವ ವಿಮಾನದಲ್ಲಿ, ತೂಕದ ಮಿತಿ ನೋಡಿಕೊಂಡೇ ಮಾಡಿಸಿ.

ನೆಲದ ಪಾಠಕ್ಕೂ ಅಷ್ಟೇ ಬೆಲೆ ಕೊಡಿ. ಮೊದಲು ಕಲಿತದ್ದು ಗಟ್ಟಿಯಾಗಿ ಕೂರುತ್ತದೆ. ನೀವು ತಪ್ಪು ಹೇಳಿದರೆ ಅದು ನಿಮ್ಮ ಶಿಷ್ಯರ ಶಿಷ್ಯರ ತನಕ ಹೋಗುತ್ತದೆ. ರಜೆಗೆ ಊರಿಗೆ ಬಂದಾಗ ಮನೆಯವರಿಗೇ ಕನ್ನಡದಲ್ಲಿ ಒಂದು ಪಾಠ ಹೇಳಿ ನೋಡಿ. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರ ಗಾಳಿ ಬಂದ ಕಡೆ ಮುಖ ತಿರುಗಿಸಿಕೊಳ್ಳುತ್ತದೆ. ರನ್‌ವೇಗೆ ಆ ಸೌಲಭ್ಯ ಇಲ್ಲ, ಹಾಗಾಗಿ ಪೈಲಟ್ ಏನು ಮಾಡಬೇಕು? ಅಮ್ಮನಿಗೆ ಇದು ಅರ್ಥವಾಗುವಂತೆ ಹೇಳಲು ಬಂದರೆ ಪರೀಕ್ಷಕರಿಗೂ ಹೇಳಬಹುದು.

ಕಾಗದ ಪತ್ರ

ಯಾರಿಗೆ, ಯಾವ ದಿನ, ಯಾವುದಕ್ಕೆ ಸಹಿ ಹಾಕಿದಿರಿ ಎಂಬ ದಾಖಲೆಯನ್ನು 3 ವರ್ಷ ಇಡಬೇಕು. 24 ಗಂಟೆಯಲ್ಲಿ 8 ಗಂಟೆಗಿಂತ ಜಾಸ್ತಿ ಹಾರಾಟ ಕಲಿಸುವಂತಿಲ್ಲ. 2024ರ ಡಿಸೆಂಬರ್ 1ರಿಂದ ಕೊಡುವ ಸರ್ಟಿಫಿಕೇಟ್ ಮೇಲೆ ಮುಗಿಯುವ ದಿನಾಂಕ ಇರುವುದಿಲ್ಲ. ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಪ್ರತಿ 24 ತಿಂಗಳಿಗೊಮ್ಮೆ ನಿಯಮದಂತೆ ಅನುಭವ ತೋರಿಸಲೇಬೇಕು.

ಊರಿಗೆ ಮರಳಿ ಜಕ್ಕೂರಿನಂಥ ಕಡೆ ಕಲಿಸುವ ಯೋಚನೆ ಇದ್ದರೆ ಅಮೆರಿಕದ ಸರ್ಟಿಫಿಕೇಟ್ ನೇರವಾಗಿ ನಡೆಯುವುದಿಲ್ಲ. ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್, ಫ್ಲೈಟ್ ಇನ್‌ಸ್ಟ್ರಕ್ಟರ್ ಎಂದು ಎರಡು ಬೇರೆ ರೇಟಿಂಗ್ ಕೊಡುತ್ತದೆ. ಅದಕ್ಕೂ ಮೊದಲು ಅಲ್ಲಿನ ಲೈಸೆನ್ಸನ್ನು ಭಾರತದ ಲೈಸೆನ್ಸ್ ಆಗಿ ಬದಲಿಸಿಕೊಳ್ಳಬೇಕು. ಲಾಗ್‌ಬುಕ್ಕಿನ ಪ್ರತಿ ಪುಟಕ್ಕೂ ಸಹಿ, ಸೀಲು ಹಾಕಿಸಿಕೊಂಡೇ ಅಮೆರಿಕ ಬಿಡಿ. ಇಲ್ಲಿಗೆ ಬಂದ ಮೇಲೆ ಅಲ್ಲಿಯ ಶಾಲೆಗೆ ಮೇಲ್ ಮೇಲೆ ಮೇಲ್ ಹಾಕುವ ಪಾಡು ಬೇಡ.