ಪ್ಯಾರಿಸ್ ಬಿಟ್ಟು ರಿಕ್ವಿರ್: ಅಡಿಕೆ ಬೆಳೆಗಾರರ ಟೂರು ಕೊನೆಗೂ ಕೈ ಹಿಡಿದ ಬಗೆ

ಫ್ರಾನ್ಸಿಗೆ ಹೋಗಿ ಪ್ಯಾರಿಸ್ ನೋಡದೆ ಬರುವ ಟೂರಿಗೆ ಯಾರು ದುಡ್ಡು ಕೊಡ್ತಾರೆ ಅಂತ ಸಾಗರದ ಕಡೆ ಟೂರ್ ಮಾಡಿಸುವ ಗೆಳೆಯರೆಲ್ಲ ನಕ್ಕಿದ್ದರು. ನಾನು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಮಾಡಿಸುವ ಆ ಟೂರಿನ ಬರುವ ಮೇ ತಿಂಗಳ ಸೀಟು ಈಗಲೇ ತುಂಬಿದೆ. ನಕ್ಕವರಲ್ಲೇ ಇಬ್ಬರು ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳಿದರು. ಒಬ್ಬೊಬ್ಬರಿಗೇ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ವೀಸಾ, ಅದಕ್ಕೆ ಬೇಕಾದ 30,000 ಯೂರೋ ಮೊತ್ತದ ಪ್ರಯಾಣ ಇನ್ಶೂರೆನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ.

ನಾನು ಹಿಡಿದ ಊರು ರಿಕ್ವಿರ್. ಫ್ರಾನ್ಸಿನ ಪೂರ್ವಕ್ಕಿರುವ ಅಲ್ಸಾಸ್ ಸೀಮೆ, ಕೋಲ್ಮಾರ್ ಪಟ್ಟಣದಿಂದ ಹನ್ನೆರಡು-ಹದಿಮೂರು ಕಿಲೋಮೀಟರ್. ಜನ ಸಾವಿರದ ಆಸುಪಾಸು. 1291ರಲ್ಲಿ ಕಟ್ಟಿದ ಡೋಲ್ಡರ್ ಕಾವಲು ಗೋಪುರ ಇನ್ನೂ ನಿಂತಿದೆ. 16ನೇ ಶತಮಾನದ ಮರದ ಚೌಕಟ್ಟಿನ ಮನೆಗಳಲ್ಲಿ ಜನ ಈಗಲೂ ಸಂಸಾರ ಮಾಡ್ತಿದ್ದಾರೆ. ಎರಡನೇ ಮಹಾಯುದ್ಧದ 1944-45ರ ಚಳಿಗಾಲದಲ್ಲಿ ಪಕ್ಕದ ಊರುಗಳಾದ ಬೆನ್ವಿರ್, ಮಿಟೆಲ್ವಿರ್ ನೆಲಸಮವಾದವು, ಇದು ಹೇಗೋ ಬಚಾವಾಯಿತು. ಸುತ್ತ ಪೂರ್ತಿ ದ್ರಾಕ್ಷಿ.

ಮೊದಲು ಎಲ್ಲರ ಹಾಗೆ ನಾನೂ ಬೆಂಗಳೂರಿನ ಒಬ್ಬ ಏಜೆಂಟರ ಪ್ಯಾಕೇಜಿನಲ್ಲಿ ಇದನ್ನು ಅರ್ಧ ದಿನಕ್ಕೆ ತುರುಕಿದ್ದೆ. ಬಸ್ಸು ಹನ್ನೊಂದಕ್ಕೆ ಬಿಡುತ್ತೆ, ಎರಡಕ್ಕೆ ಎತ್ತುತ್ತೆ. ಲೋಕದ ಬಸ್ಸೆಲ್ಲ ಬರೋದೂ ಅದೇ ಹೊತ್ತಿಗೆ. ಇರೋದು ಒಂದು ದೊಡ್ಡ ಬೀದಿ, ಅದರಲ್ಲಿ ನಮ್ಮವರು ಮಾರಿಜಾತ್ರೆಗೆ ಬಂದವರ ಹಾಗೆ ನೂಕಿಸಿಕೊಂಡು ಬಂದರು. "ಇಷ್ಟೇನಾ?" ಅಂದರು. ಅದರ ಮೇಲೆ ಏಜೆಂಟರು ಕಡೇ ಗಳಿಗೆಯಲ್ಲಿ ಹೋಟೆಲ್ ಬದಲಿಸಿದರು. ನನ್ನ ಕೈಯಿಂದ ಅರವತ್ತು-ಎಪ್ಪತ್ತು ಸಾವಿರ ಹೋಯ್ತು. ಇವತ್ತಿಗೂ ವಾಪಸ್ ಬಂದಿಲ್ಲ.

ಆಮೇಲೆ ಒಂದೇ ಊರು, ನಿಧಾನವಾಗಿ ಅಂತ ಹಟ ಹಿಡಿದೆ. ಕೋಲ್ಮಾರ್‌ನಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ. ಬೆಳಿಗ್ಗೆ ಎಂಟರೊಳಗೆ ರಿಕ್ವಿರ್, ಹನ್ನೊಂದಕ್ಕೆ ವಾಪಸ್, ಊಟ, ನಿದ್ದೆ. ಸಂಜೆ ಐದರ ಮೇಲೆ ಮತ್ತೆ. ಮೇ ತಿಂಗಳಲ್ಲಿ ಅಲ್ಲಿ ಒಂಬತ್ತರವರೆಗೂ ಬೆಳಕಿರುತ್ತೆ, ಬೀದಿ ಪೂರ್ತಿ ನಿಮ್ಮದೇ. ಮೊದಲು ಲೈನ್ ಬಸ್ಸಿನಲ್ಲಿ ಮಾಡಿ ನೋಡಿದೆ. ಸಂಜೆ ಬಸ್ಸು ಬೇಗ ನಿಂತುಬಿಡುತ್ತೆ, ಟ್ಯಾಕ್ಸಿಗೆ ಲಾಭವೆಲ್ಲ ಹೋಗುತ್ತೆ. ಈಗ ವ್ಯಾನ್ ಬಾಡಿಗೆಗೆ ತಗೊಂಡು ನಾನೇ ಓಡಿಸ್ತೀನಿ. ಕಾರಿನ ಲೈಸೆನ್ಸಿಗೆ ಡ್ರೈವರ್ ಸೇರಿ 9 ಜನ, ಅದಕ್ಕಿಂತ ದೊಡ್ಡ ಗಾಡಿಗೆ ಬೇರೆ ಲೈಸೆನ್ಸ್ ಬೇಕು. ಹಾಗಾಗಿ ಗುಂಪು ಅಂದರೆ ಎಂಟೇ ಜನ. ಗಾಡಿಯನ್ನು ಕೋಟೆಗೋಡೆಯ ಹೊರಗೆ ದುಡ್ಡು ಕೊಟ್ಟು ನಿಲ್ಲಿಸಬೇಕು.

ತಿಂಗಳು ಯಾವುದು ಅನ್ನೋದರಲ್ಲೂ ಪೆಟ್ಟು ತಿಂದಿದ್ದೇನೆ. ಕ್ರಿಸ್‌ಮಸ್ ಸಂತೆ ಚೆಂದ ಅಂತಾರೆ, ಆದರೆ ಡಿಸೆಂಬರಿನಲ್ಲಿ ಅಡಿಕೆಯ ಕೊನೆಕೊಯ್ಲು ಬಿಟ್ಟು ಬರುವ ಬೆಳೆಗಾರ ಮಲೆನಾಡಿನಲ್ಲಿ ಹುಟ್ಟಿಲ್ಲ. ದ್ರಾಕ್ಷಿ ಕೊಯ್ಲು ತೋರಿಸೋಣ ಅಂತ ಸೆಪ್ಟೆಂಬರಿಗೆ ಹಾಕಿದೆ. ಚೌತಿ, ಮಳೆ, ಔಷಧಿ ಹೊಡೆಯುವ ತಲೆಬಿಸಿ. ಒಬ್ಬೊಬ್ಬರೇ ಕಳಚಿಕೊಂಡರು. ಕೊಯ್ಲು ಮುಗಿದು, ಮುಂಗಾರು ಇನ್ನೂ ಬಾರದ ಮೇ ಒಂದೇ ನಮಗೆ ಸರಿ.

ಇನ್ನು ಅಡುಗೆ. ಟೂರು ನಿಲ್ಲೋದು ಬೀಳೋದು ಇಲ್ಲೇ. ಅಲ್ಯೂಮಿನಿಯಂ ಕುಕ್ಕರ್ ಅಲ್ಲಿಯ ಇಂಡಕ್ಷನ್ ಒಲೆ ಮೇಲೆ ಸುಮ್ನೆ ಕೂತಿರುತ್ತೆ, ಬಿಸಿಯೇ ಆಗಲ್ಲ. ತಳಕ್ಕೆ ಅಯಸ್ಕಾಂತ ಅಂಟುವ ಸ್ಟೀಲಿನದ್ದೇ ಒಯ್ಯಿರಿ. ತುಪ್ಪ, ಹಾಲಿನ ಪುಡಿ ಒಯ್ಯುವ ಹಾಗಿಲ್ಲ. ಕರಿಬೇವು, ಹಸಿಮೆಣಸಿಗೆಲ್ಲ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳ್ತಾರೆ. ಆದರೆ ತೆಂಗಿನಕಾಯಿಗೆ, ಬಾಳೆಹಣ್ಣಿಗೆ ಅದು ಬೇಡ! ಇದು ಗೊತ್ತಾದ ಮೇಲೆ ತಂಬುಳಿ ಕಷ್ಟ ಆಗಿಲ್ಲ. ತುಪ್ಪಕ್ಕೆ ಅಲ್ಲಿಯ ಬೆಣ್ಣೆಯನ್ನೇ ಕಾಯಿಸಿ ನೋಡಿದೆ. ಉಪ್ಪಿಲ್ಲದ್ದು ತರಬೇಕು, ಸಣ್ಣ ಉರಿ ಇಡಬೇಕು. ಕೆನೆ ಹುಳಿ ಬರಿಸಿ ತೆಗೆದ ಬೆಣ್ಣೆ, ಹಾಗಾಗಿ ಕಾಯುವಾಗ ಮನೆಯ ಮಜ್ಜಿಗೆ ಕಡೆದು ತೆಗೆದ ಬೆಣ್ಣೆಯದ್ದೇ ಘಮ. ಒಬ್ಬರು ಅನ್ನಕ್ಕೆ ಬರೀ ಅದನ್ನೇ ಹಾಕಿಕೊಂಡು ಅಪ್ಪೆಮಿಡಿ ನೆಂಚಿಕೊಂಡು ಎದ್ದರು. ಒಗ್ಗರಣೆ ಹಾಕಿದ ಮೊದಲ ದಿನ ಹೊಗೆ ಅಲಾರಂ ಕಟ್ಟಡಕ್ಕೆಲ್ಲ ಕೇಳುವ ಹಾಗೆ ಕೂಗಿತು. ಈಗ ಕೂಗಲ್ಲ. ಆ ಉಪಾಯ ನಮ್ಮನೆಯವಳದ್ದು, ಹೇಳಕೂಡದು ಅಂತ ತಾಕೀತು ಮಾಡಿದ್ದಾಳೆ. ಹೊರಗೆ ತಿನ್ನುವುದಾದರೆ ತಾರ್ತ್ ಫ್ಲಾಂಬೆ, ತೆಳ್ಳಗಿನ ರೊಟ್ಟಿ ಮೇಲೆ ಕೆನೆ, ಈರುಳ್ಳಿ. ಹಂದಿ ಚೂರು ಬೇಡ ಅಂತ ಮೊದಲೇ ಹೇಳಿ.

ಇಷ್ಟಾದರೂ ಗೋಪುರ, ಬೀದಿ ಎರಡು ದಿನಕ್ಕೆ ಮುಗಿಯುತ್ತೆ. ಟೂರು ಗೆದ್ದದ್ದು ತೋಟದಲ್ಲಿ. ರಿಕ್ವಿರ್‌ನಿಂದ ಪಕ್ಕದ ಊರು ಉನಾವಿರ್‌ಗೆ ದ್ರಾಕ್ಷಿ ಸಾಲಿನ ನಡುವೆ ಎರಡು ಕಿಲೋಮೀಟರ್ ನಡಿಗೆ. ಒಬ್ಬ ಹಿರಿಯರು ಬಗ್ಗಿ ಒಂದು ಕಂಬ ಉಜ್ಜಿ ನೋಡಿದರು. ಬೆರಳಿಗೆ ತಿಳಿನೀಲಿ ಹತ್ತಿತು. "ಏ ತಮ್ಮಾ, ಇವರೂ ಮೈಲುತುತ್ತ ಹೊಡೀತಾರಲ್ಲೋ!" ಅಂದರು. ಹೊಡೆಯದೆ ಏನು? ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದಕ್ಕೆ ಸುಣ್ಣ ಬೆರೆಸಿ ನಾವು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ, ದ್ರಾಕ್ಷಿಯ ಬೂಜು ರೋಗಕ್ಕೆ. 1885ರಲ್ಲಿ ಮಿಲ್ಲಾರ್ಡೆ ಅನ್ನೋ ವಿಜ್ಞಾನಿ ಅದನ್ನು ಪ್ರಕಟಿಸಿದ.

ಅಲ್ಲಿಂದ ಮುಂದೆ ನನಗೆ ಕೆಲಸವೇ ಇರಲಿಲ್ಲ. ತೋಟದ ಯಜಮಾನ ತಾಮ್ರಕ್ಕೆ ಮಿತಿ ಇದೆ ಅಂದ, ಹೆಕ್ಟೇರಿಗೆ 7 ವರ್ಷದಲ್ಲಿ 28 ಕಿಲೋ. ನಮ್ಮವರು ಅಲ್ಲೇ ಲೆಕ್ಕಕ್ಕೆ ನಿಂತರು. ಹೆಕ್ಟೇರಿಗೆ ಸಾವಿರ ಲೀಟರ್ ದ್ರಾವಣ ಅಂದರೆ 10 ಕಿಲೋ ಮೈಲುತುತ್ತ, ಅದರಲ್ಲಿ ಕಾಲು ಭಾಗ ತಾಮ್ರ, ಎರಡೂವರೆ ಕಿಲೋ. ಎರಡು ಸಲ ಹೊಡೆದರೆ 5, ಅವರ ವರ್ಷದ ಪಾಲೇ 4. "ನಿನ್ನ ಮಳೆ ಎಷ್ಟಪ್ಪಾ?" ಅಂತ ಕೇಳಿಸಿದರು. ಕೋಲ್ಮಾರ್‌ನಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಸುತ್ತಮುತ್ತ. ಪಶ್ಚಿಮದ ಮೋಡವನ್ನೆಲ್ಲ ವೋಜ್ ಬೆಟ್ಟ ಹಿಂಡಿಕೊಳ್ಳುತ್ತೆ, ಆಗುಂಬೆ ತೋಯ್ದು ಶಿವಮೊಗ್ಗ ಒಣಗುವ ಲೆಕ್ಕವೇ. ಆಗುಂಬೆಯ 7,000 ಮಿಲಿಮೀಟರ್ ಕೇಳಿ ಆತ ಅನುವಾದ ಮಾಡುವ ಹುಡುಗನ ಮೇಲೇ ಅನುಮಾನಪಟ್ಟ.

ಸಂಜೆ ನೆಲಮಾಳಿಗೆಯಲ್ಲಿ ವೈನ್ ರುಚಿ. ಕೆಲವು ಕಡೆ ಪುಕ್ಕಟೆ, ಕೆಲವು ಕಡೆ ಐದಾರು ಯೂರೋ. ಕುಡಿಯದವರಿಗೆ ದ್ರಾಕ್ಷಿರಸ ಮೊದಲೇ ಹೇಳಿಟ್ಟಿರ್ತೀನಿ. ಒಬ್ಬರು ಗೆವುರ್ಟ್ಸ್‌ಟ್ರಮಿನರ್ ಅನ್ನೋ ಬಿಳಿ ವೈನಿನ ಗ್ಲಾಸು ಮೂಗಿಗೆ ಹಿಡಿದು, "ಮದುವೆ ಮನೆ ಪನ್ನೀರು" ಅಂದು ಕುಡಿಯದೆ ಕೆಳಗಿಟ್ಟರು. ಮನೆಗೆ ತರುವವರಿಗೆ ತಲೆಗೆ ಎರಡು ಲೀಟರ್ ಸುಂಕ ಇಲ್ಲ, ಅಂದರೆ ಎರಡೇ ಬಾಟಲಿ. ಮೂರನೆಯದು ಲೆಕ್ಕ ಮೀರುತ್ತೆ.

ದುಡ್ಡು: ಟಿಕೆಟ್ 65-70 ಸಾವಿರ, ವೀಸಾ ಸುಮಾರು 12, ಮನೆ, ವ್ಯಾನ್, ಡೀಸೆಲ್, ದಿನಸಿ ಸೇರಿ 60ರ ಹತ್ತಿರ. ತಲೆಗೆ 1.6 ಲಕ್ಷ ತಗೊಂಡೆ. ನನಗೆ ಉಳಿದದ್ದು ತಲೆಗೆ ಹದಿನೆಂಟೋ ಇಪ್ಪತ್ತೋ ಸಾವಿರ. ಪ್ಯಾಕೇಜಿನವರು ಇದರ ದುಪ್ಪಟ್ಟು ತಗೊಳ್ತಾರೆ, ಅಲ್ವಾ?

ಆ ತೋಟದ ಯಜಮಾನನ ನಂಬರ್ ಮಾತ್ರ ಕೇಳಬೇಡಿ. ನೀವು ಮಾಡುವುದಾದರೆ ಅಲ್ಲೇ ಇರುವ ಎಗಿಸೈಮ್ ಅನ್ನೋ ಊರು ಹಿಡೀರಿ. ಕೋಲ್ಮಾರ್‌ಗೆ ಇನ್ನೂ ಹತ್ತಿರ, ಓಣಿಗಳು ಸುತ್ತು ಸುತ್ತಾಗಿವೆ, ನಡೆದವರು ಹೊರಟಲ್ಲಿಗೇ ಬರ್ತಾರೆ, ವಯಸ್ಸಾದವರು ಕಳೆದುಹೋಗುವ ಭಯ ಕಡಿಮೆ. ವ್ಯಾನ್ ಮಾತ್ರ ಫೆಬ್ರವರಿಯಲ್ಲೇ ಹೇಳಿಡಿ. ಆಟೊಮ್ಯಾಟಿಕ್ ಗೇರಿನ 9 ಸೀಟು ಕಡೇ ಗಳಿಗೆಯಲ್ಲಿ ಸಿಗಲ್ಲ.