ಮೆಷಿನ್ ಅಪ್ಲಿಕ್: ಮೇಲೆ ಅಂಟು, ಅಡಿಯಲ್ಲಿ ಆಸರೆ

ಅಪ್ಲಿಕ್ ಅಂದರೆ ಹೂವು, ಎಲೆಯಂಥ ಆಕಾರಕ್ಕೆ ಕತ್ತರಿಸಿದ ಬಟ್ಟೆಯ ತುಂಡನ್ನು ಇನ್ನೊಂದು ಬಟ್ಟೆಯ ಮೇಲೆ ಇಟ್ಟು ಅಂಚು ಹೊಲಿಯುವುದು. ಹೊಲಿದ ಹೂವಿನ ಸುತ್ತ ಬಟ್ಟೆ ನೆರಿಗೆಗಟ್ಟಿದರೆ ಮೆಷಿನ್ನಿನ ಟೆನ್ಷನ್ (ದಾರದ ಬಿಗಿ) ತಿರುಗಿಸುವ ಮೊದಲು ಅಡಿಯಲ್ಲಿ ಏನಿಟ್ಟಿದ್ದೀರಿ ನೋಡಿ. ಕೈಯಲ್ಲಿ ಹೊಲಿಯುವ ಕೌದಿಗೆ ಆಸರೆ ಬೇಕಿಲ್ಲ, ಆ ಹೊಲಿಗೆ ಸುಮ್ಮನೆ ಮುಂದಕ್ಕೆ ಸಾಗುತ್ತದೆ. ಜಿಗ್‌ಜಾಗ್ ಹಾಗಲ್ಲ. ಸೂಜಿ ಎಡಕ್ಕೂ ಬಲಕ್ಕೂ ಬೀಳುತ್ತಾ ಬಟ್ಟೆಯನ್ನು ಎರಡೂ ಕಡೆಯಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತ ತಡೆಯುವುದು ಸ್ಟೆಬಿಲೈಸರ್, ಅಂದರೆ ಬಟ್ಟೆಯ ಅಡಿಯಲ್ಲಿಡುವ ಆಸರೆಯ ಹಾಳೆ. ಇಸ್ತ್ರಿಯ ಬಿಸಿಗೆ ಅಂಟುವ ತೆಳು ಹಾಳೆ, ಅಂದರೆ ಫ್ಯೂಸಿಬಲ್ ವೆಬ್‌ನ ಕೆಲಸವೇ ಬೇರೆ: ತುಂಡು ಜರುಗದಂತೆ, ಅಂಚು ನೂಲು ಬಿಡದಂತೆ ಹಿಡಿಯುವುದು. ಒಂದಿದ್ದರೆ ಇನ್ನೊಂದು ಬೇಡ ಅಂದುಕೊಳ್ಳಬೇಡಿ.

ಅಂಗಡಿಯಲ್ಲಿ ಬರೀ ‘ಫ್ಯೂಸಿಂಗ್’ ಅಂದರೆ ಕಾಲರಿಗೆ ಹಾಕುವ, ಒಂದೇ ಬದಿ ಅಂಟಿರುವ ಕ್ಯಾನ್ವಾಸ್ ಕೊಟ್ಟುಬಿಡಬಹುದು. ಬೇಕಾದದ್ದು ಎರಡೂ ಬದಿ ಅಂಟುವ, ಹಿಂದೆ ಪೇಪರ್ ಇರುವ ವೆಬ್. ಹೀಟ್‌ಎನ್‌ಬಾಂಡ್ ಬ್ರ್ಯಾಂಡ್‌ನಲ್ಲಾದರೆ ‘ಲೈಟ್’ ತಗೊಳ್ಳಿ. ‘ಅಲ್ಟ್ರಾ ಹೋಲ್ಡ್’ ಹೊಲಿಗೆಗಲ್ಲ. ಅದರ ಅಂಟು ಸೂಜಿಗೆ ಮೆತ್ತಿ ದಾರ ಕಡಿಯುತ್ತದೆ.

ಎರಡೂ ಕಾಟನ್ ಬಟ್ಟೆಗಳನ್ನು ಒಗೆದು ಗಂಜಿ ತೆಗೆಯಿರಿ, ಇಲ್ಲದಿದ್ದರೆ ಅಂಟು ಸರಿಯಾಗಿ ಕೂರುವುದಿಲ್ಲ. ಚಿತ್ರವನ್ನು ಪೇಪರ್ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದು, ಗೆರೆಯಿಂದ 5 ಮಿ.ಮೀ. ಹೊರಗೆ ಕತ್ತರಿಸಿ. ಆಕಾರ ದೊಡ್ಡದಾದರೆ ಗೆರೆಯ ಒಳಗೆ 1 ಸೆಂ.ಮೀ. ಪಟ್ಟಿ ಬಿಟ್ಟು ನಡುವಿನ ವೆಬ್ ತೆಗೆದುಬಿಡಿ, ಕ್ವಿಲ್ಟ್ ರಟ್ಟಿನಂತಾಗುವುದಿಲ್ಲ. ವೆಬ್ಬನ್ನು ತುಂಡಿನ ಬಟ್ಟೆಯ ಒಳಬದಿಗೆ, ಪೇಪರ್ ಮೇಲಿರುವಂತೆ ಇಟ್ಟು, ಹಬೆಯಿಲ್ಲದ ಮಧ್ಯಮ ಬಿಸಿಯಲ್ಲಿ 2 ಸೆಕೆಂಡ್ ಒತ್ತಿ. ಇಸ್ತ್ರಿಪೆಟ್ಟಿಗೆ ಎಳೆಯಬೇಡಿ, ಎತ್ತಿ ಇಡಿ. ಗೆರೆಯ ಮೇಲೆ ಕತ್ತರಿಸಿ, ಪೂರ್ತಿ ಆರಿದ ಮೇಲೆ ಪೇಪರ್ ಸುಲಿಯಿರಿ. ಅಂಚು ಏಳದಿದ್ದರೆ ಪೇಪರಿನ ನಡುವೆ ಗುಂಡುಪಿನ್ನಿನಿಂದ ಗೀರಿ, ಅಲ್ಲಿಂದ ಬರುತ್ತದೆ. ಆಮೇಲೆ ತಳದ ಬಟ್ಟೆಗೆ 6–8 ಸೆಕೆಂಡ್ ಒತ್ತಿದರೆ ಸಾಕು. ಹೆಚ್ಚು ಕಾಯಿಸಿದರೆ ಅಂಟು ಬಟ್ಟೆಯೊಳಗೆ ಇಳಿದು ಹಿಡಿತ ಹೋಗುತ್ತದೆ.

ಈಗ ಸ್ಟೆಬಿಲೈಸರ್. ಹರಿದು ತೆಗೆಯುವ ಬಗೆಯದು, ಆಕಾರಕ್ಕಿಂತ ಸುತ್ತ 3–4 ಸೆಂ.ಮೀ. ದೊಡ್ಡದು, ತಳದ ಬಟ್ಟೆಯ ಅಡಿಗೆ. ಕ್ವಿಲ್ಟಿನ ನಡುವಿನ ಹತ್ತಿ ಪದರ ಇನ್ನೂ ಸೇರಿಸಿರಬಾರದು. ಬಟ್ಟೆ ತೆಳುವಾಗಿದ್ದರೆ ದಪ್ಪದ್ದು ಒಂದರ ಬದಲು ತೆಳುವಾದವು ಎರಡು ಇಡಿ. ಒಂದೊಂದಾಗಿ ಹರಿದರೆ ಹೊಲಿಗೆಗೆ ನೋವಾಗುವುದಿಲ್ಲ.

80/12 ಸೂಜಿ, ಮುಂದೆ ತೆರೆದಿರುವ ಫೂಟ್, ಜಿಗ್‌ಜಾಗ್ ಹೊಲಿಗೆಯ ಅಗಲ 3 ಮಿ.ಮೀ., ಉದ್ದ 0.4 ಮಿ.ಮೀ. ಬಾಬಿನ್ ದಾರ ಮೇಲೆ ಇಣುಕಿದರೆ ಮೇಲಿನ ಟೆನ್ಷನ್ ಸ್ವಲ್ಪ ಸಡಿಲಿಸಿ. ಮೊದಲು ಚೂರು ಬಟ್ಟೆಯ ಮೇಲೆ, ಅಡಿಯಲ್ಲಿ ಅದೇ ಸ್ಟೆಬಿಲೈಸರ್ ಇಟ್ಟು ನೋಡಿ. ಸೂಜಿ ಹೊರಕ್ಕೆ ಬಿದ್ದಾಗ ಅಂಚನ್ನು ಸವರಿಕೊಂಡು ತಳದ ಬಟ್ಟೆಗೆ ಇಳಿಯಬೇಕು, ಉಳಿದ ಅಗಲವೆಲ್ಲ ತುಂಡಿನ ಮೇಲೆ.

ತಿರುವಿನಲ್ಲಿ ಹೆಚ್ಚು ಕೆಲಸ ಕೆಡುತ್ತದೆ. ಎಸಳಿನಂತೆ ಹೊರಕ್ಕೆ ಉಬ್ಬಿದ ಕಡೆ ಸೂಜಿಯನ್ನು ತಳದ ಬಟ್ಟೆಯಲ್ಲೇ ನಿಲ್ಲಿಸಿ ಫೂಟ್ ಎತ್ತಿ ತಿರುಗಿಸಿ. ಒಳಕ್ಕೆ ಬಾಗಿದ ಕಡೆ ಸೂಜಿ ತುಂಡಿನಲ್ಲಿರಲಿ. ಅದಲು ಬದಲಾದರೆ ಹೊಲಿಗೆ ಬೀಸಣಿಗೆಯಂತೆ ಬಿಚ್ಚಿ ಸಂದಿ ಬೀಳುತ್ತದೆ. ಎಲೆಯ ತುದಿಗೆ ಬರುತ್ತಾ ಅಗಲವನ್ನು 3ರಿಂದ 1ಕ್ಕೆ ಇಳಿಸಿ.

ಜಿಗ್‌ಜಾಗ್ ಇಲ್ಲದ ಹಳೆಯ ಕಪ್ಪು ಮೆಷಿನ್ ಇದ್ದರೆ ಅಂಚಿನಿಂದ 2 ಮಿ.ಮೀ. ಒಳಗೆ ನೇರ ಹೊಲಿಗೆ ಹಾಕಬಹುದು; ಒಗೆದಾಗ ಅಂಚು ಕೊಂಚ ನೂಲು ಬಿಡುತ್ತದೆ, ಅಷ್ಟೇ.

ಮುಗಿದ ಮೇಲೆ ಹೊಲಿಗೆಯ ಮೇಲೆ ಎಡ ಹೆಬ್ಬೆರಳು ಒತ್ತಿ ಹಿಡಿದು, ಸ್ಟೆಬಿಲೈಸರನ್ನು ಮೆಲ್ಲಗೆ ಹರಿಯಿರಿ. ಹೊಲಿಗೆಯಡಿ ಸಿಕ್ಕ ಚೂರು ಅಲ್ಲೇ ಇರಲಿ. ಕೊನೆಗೆ ಹಿಂಬದಿಯಿಂದ ಇಸ್ತ್ರಿ ಮಾಡಿ.