ಗೋದಲಿ ಇಲ್ಲದ ಮನೆ ಯಾವ ಪುಟದ ಸುದ್ದಿ?

ಜಿಲ್ಲಾ ಪುಟದಲ್ಲಿ ಒಂದು ಕಟ್ಟಡ ಸುದ್ದಿಯಾಗುವುದು ಎರಡೇ ಸಲ. ಮಂತ್ರಿ ಬಂದು ಟೇಪು ಕತ್ತರಿಸಿದಾಗ ಒಮ್ಮೆ, ಗೋಡೆ ಬಿರುಕು ಬಿಟ್ಟಾಗ ಇನ್ನೊಮ್ಮೆ. ಮೊದಲನೆಯದಕ್ಕೆ ‘ಲೋಕಾರ್ಪಣೆ’ ಅಂತ ತಲೆಬರಹ, ಎರಡನೆಯದಕ್ಕೆ ‘ಕಳಪೆ ಕಾಮಗಾರಿ: ಗ್ರಾಮಸ್ಥರ ಆಕ್ರೋಶ’. ಬಾಗಲಕೋಟೆ ಕಡೆ ವರದಿಗಾರನಾಗಿ ಸೇರಿದಾಗ ನಮಗೆ ಕಲಿಸಿದ್ದೂ ಇದನ್ನೇ. ಈ ಎರಡು ದಿನಗಳ ನಡುವೆ ಆ ಕಟ್ಟಡದೊಳಗೆ ಜನ ಇರುತ್ತಾರೆ, ರೊಟ್ಟಿ ಬಡಿಯುತ್ತಾರೆ, ಜೋಳದ ಚೀಲ ಎಲ್ಲಿಡುವುದು ಅಂತ ಜಗಳ ಆಡುತ್ತಾರೆ. ಅದಕ್ಕೆ ಮಾತ್ರ ಜಾಗ ಇರಲಿಲ್ಲ.

ಜಾಗವೇ ಇರಲಿಲ್ಲ ಅಂದರೆ ತಪ್ಪಾಗುತ್ತದೆ. ವಾರಕ್ಕೊಮ್ಮೆ ಮನೆ, ಸೈಟು ಕುರಿತ ಪುರವಣಿ ಬರುತ್ತಿತ್ತು. ಅದು ನಡೆಯುತ್ತಿದ್ದುದು ಬಿಲ್ಡರ್‌ಗಳ ಜಾಹೀರಾತಿನ ಮೇಲೆ. ಕನಸಿನ ಮನೆ, ಮಾಡ್ಯುಲರ್ ಕಿಚನ್, ನೀರಿನ ಸಂಪು ಯಾವ ಮೂಲೆಗೆ ಬರಬೇಕು ಎಂಬ ವಾಸ್ತು ಪ್ರಶ್ನೋತ್ತರ. ಆ ಫೋಟೊಗಳನ್ನು ನೋಡಿ: ಮನೆ ಇರುತ್ತದೆ, ಮನುಷ್ಯರಿರುವುದಿಲ್ಲ. ಬಾಗಿಲ ಹತ್ತಿರ ಒಂದು ಜೊತೆ ಚಪ್ಪಲಿ ಕೂಡ ಕಾಣುವುದಿಲ್ಲ. ನಮ್ಮ ಜಿಲ್ಲಾ ಪುಟದ ಫೋಟೊದಲ್ಲಿ ಉಲ್ಟಾ. ಅಳುವ ಮುಖ ದೊಡ್ಡದಾಗಿರುತ್ತದೆ, ಹಿಂದಿನ ಮನೆ ಮಸುಕು. ವಾಸ್ತುಶಿಲ್ಪದ ಬಗ್ಗೆ ಕನ್ನಡದಲ್ಲಿ ಮಾತು ಯಾಕೆ ಬೆಳೆಯಲಿಲ್ಲ ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಎರಡು ಫೋಟೊಗಳನ್ನು. ಕಟ್ಟಡದ ಸುದ್ದಿ ಯಾವ ಪುಟಕ್ಕೆ ಹೋಗುತ್ತದೆ ಅನ್ನುವುದರ ಮೇಲೆ ಅದರ ಬಗ್ಗೆ ಯಾವ ಪ್ರಶ್ನೆ ಕೇಳಬಹುದು ಅನ್ನುವುದು ತೀರ್ಮಾನವಾಗಿಬಿಡುತ್ತದೆ.

ನನಗೆ ಇದು ಗೊತ್ತಾಗಿದ್ದು 2009ರ ನೆರೆಯ ನಂತರ. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕದ ನದಿ ದಂಡೆಯ ಊರುಗಳು ಮುಳುಗಿದವು. ನದಿಯಿಂದ ದೂರ ಇದ್ದ ಊರುಗಳಲ್ಲೂ ಮಣ್ಣಿನ ಚಾವಣಿಯ ಮಾಳಿಗೆ ಮನೆಗಳು ನೀರು ಕುಡಿದು ಭಾರವಾಗಿ ಕುಸಿದವು. ಸರ್ಕಾರ ‘ಆಸರೆ’ ಎಂಬ ಹೆಸರಿನಲ್ಲಿ ದಾನಿಗಳನ್ನು ಸೇರಿಸಿಕೊಂಡು ಎತ್ತರದ ಜಾಗದಲ್ಲಿ ಹೊಸ ಊರುಗಳನ್ನೇ ಕಟ್ಟಿಸಿತು. ಸಾಲು ಸಾಲು ಮನೆ, ಒಂದೇ ಅಳತೆ, ಒಂದೇ ಬಣ್ಣ. ಆಮೇಲೆ ಎಷ್ಟೋ ಕಡೆ ಅವಕ್ಕೆ ಬೀಗ ಬಿತ್ತು. ಹಕ್ಕುಪತ್ರ ಕೈಗೆ ಬಂದರೂ ಜನ ಹಳೇ ಊರಿಗೇ ವಾಪಸ್ ಹೋದರು.

ಪತ್ರಿಕೆಗಳಲ್ಲಿ ಅದಕ್ಕೆ ಎರಡು ವಿವರಣೆ ಬಂತು. ಒಂದು, ಕಾಮಗಾರಿ ಸರಿಯಿಲ್ಲ. ಇನ್ನೊಂದು, ಜನರಿಗೆ ಹಳೇ ಊರಿನ ಮೋಹ ಬಿಟ್ಟಿಲ್ಲ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇತ್ತು. ಆದರೆ ಗಟ್ಟಿಯಾಗಿ ಕಟ್ಟಿದ ಸಾಲಿನಲ್ಲೂ ಬೀಗ ನೇತಾಡುತ್ತಿತ್ತು. ನಾನು ಒಬ್ಬ ಸಿವಿಲ್ ಡಿಪ್ಲೊಮಾ ಹುಡುಗನನ್ನು ಕರೆದುಕೊಂಡು, ಅಳತೆ ಟೇಪು ಹಿಡಿದು ಅಂಥ ಒಂದು ಊರಿಗೆ ಹೋದೆ.

ಒಂದು ಮನೆಯ ಬಾಗಿಲು ತೆಗೆದಿತ್ತು. ಒಳಗೆ ಅಜ್ಜಿ ಒಬ್ಬರೇ ಇದ್ದರು. ‘ಮನಿ ಛಲೋ ಐತಿ ತಮ್ಮಾ, ಎತ್ತು ಎಲ್ಲಿ ಕಟ್ಟೂನು?’ ಅಂದರು. ಸುಮ್ನೆ ಹೇಳಿದ ಮಾತಲ್ಲ. ಎದ್ದು ಬಂದು ಮುಂದಿನ ಕೋಣೆಯಲ್ಲಿ ಹೆಜ್ಜೆ ಹಾಕಿ ತೋರಿಸಿದರು: ಇಲ್ಲಿ ಎತ್ತು ನಿಂತರೆ ಇಲ್ಲಿ ಗೋಡೆ, ಗೋದಲಿಗೆ ಜಾಗ ಇಲ್ಲ, ನಾವು ಎಲ್ಲಿ ಮಲಗಬೇಕು? ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗೋದಲಿ ಅಂದರೆ ದನಕ್ಕೆ ಮೇವು ಹಾಕುವ ಜಾಗ. ಈ ಭಾಗದ ಹಳೇ ಮನೆಯಲ್ಲಿ ತಲಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನದ ಜಾಗ, ಪಕ್ಕದಲ್ಲೇ ಎತ್ತರಕ್ಕೆ ಪಡಸಾಲೆ. ರಾತ್ರಿ ಪಡಸಾಲೆಯಲ್ಲಿ ಮಲಗಿದವನಿಗೆ ಎತ್ತಿನ ಉಸಿರು ಕೇಳುತ್ತದೆ. ಕಳ್ಳರ ಭಯ ಇಲ್ಲ, ರಾತ್ರಿ ಮೇವು ಹಾಕಲು ಹೊರಗೆ ಹೋಗಬೇಕಿಲ್ಲ. ಅಡುಗೆಮನೆಯ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತದೆ. ಅದರಿಂದ ಬೆಳಕು ಒಳಗೆ, ಒಲೆಯ ಹೊಗೆ ಹೊರಗೆ. ಮಳೆ ಬಂದರೆ ಮೇಲೆ ಹತ್ತಿ ಮುಚ್ಚುತ್ತಾರೆ. ಹೊಸ ಮನೆಯಲ್ಲಿ ಇದ್ಯಾವುದೂ ಇರಲಿಲ್ಲ. ಹೊಗೆ ಕೋಣೆಯಲ್ಲೇ ತುಂಬುತ್ತದೆ ಅಂತ ಆ ಸಾಲಿನ ಹೆಂಗಸರು ಹೊರಗೆ ಇಟ್ಟಿಗೆ ಜೋಡಿಸಿ ಒಲೆ ಹೂಡಿದ್ದರು. ಸೀಲಿಂಗಿನ ಒಂದು ಮೂಲೆ ಆಗಲೇ ಕರ‍್ರಗಾಗಿತ್ತು. ಬಣವೆ ಒಟ್ಟಲು ಹಿತ್ತಲಿಲ್ಲ, ಹೊಲಕ್ಕೆ ಹೋಗುವ ದಾರಿ ದುಪ್ಪಟ್ಟು. ಎತ್ತು ಹಳೇ ಊರಿನಲ್ಲಿ, ಎತ್ತಿನ ಜೊತೆ ಮಗ ಹಳೇ ಊರಿನಲ್ಲಿ, ಮಗನಿಗೆ ರೊಟ್ಟಿ ಮಾಡಿ ಹಾಕಲು ಸೊಸೆಯೂ ಅಲ್ಲೇ. ಬೀಗದ ಕಥೆ ಇಷ್ಟೇ.

ವರದಿ ಬರೆದು ಕಳಿಸಿದೆ. ಡೆಸ್ಕಿನಿಂದ ಫೋನು ಬಂತು. ‘ಎಲ್ಲ ಸರಿ ಮಾರಾಯ, ಇದರಲ್ಲಿ ತಪ್ಪು ಯಾರದು?’

ಒಳ್ಳೇ ಪ್ರಶ್ನೆ, ಅಲ್ವಾ? ಗೋಡೆ ಬಿರುಕು ಬಿಟ್ಟರೆ ಗುತ್ತಿಗೆದಾರ ಇದ್ದಾನೆ, ಬಿಲ್ ಪಾಸು ಮಾಡಿದ ಎಂಜಿನಿಯರ್ ಇದ್ದಾನೆ, ಅವನ ಹಿಂದೆ ಒಬ್ಬ ಶಾಸಕ. ಗೋದಲಿ ಇಲ್ಲದ್ದಕ್ಕೆ ಯಾರನ್ನು ಹಿಡಿಯುವುದು? ನಕ್ಷೆ ಬರೆದವನು ದುಡ್ಡು ತಿಂದಿಲ್ಲ. ದಾನಿ ಕೊಟ್ಟ ಮಾತಿನಂತೆ ಕಟ್ಟಿಸಿದ್ದಾನೆ. ಅಧಿಕಾರಿ ನಿಗದಿಯಾದ ಅಳತೆ ಪಾಲಿಸಿದ್ದಾನೆ. ಎಲ್ಲರೂ ತಮ್ಮ ಕೆಲಸ ಮಾಡಿದ್ದಾರೆ, ಮನೆ ಮಾತ್ರ ಒಕ್ಕಲುತನದವರ ಮನೆಯಾಗಿಲ್ಲ. ಆರೋಪಿ ಇಲ್ಲದ ಸುದ್ದಿ ನಮ್ಮ ಕಸುಬಿನಲ್ಲಿ ನಿಲ್ಲುವುದೇ ಕಷ್ಟ. ವಿನ್ಯಾಸದ ಪ್ರಶ್ನೆ ಮಾಧ್ಯಮದಲ್ಲಿ ಸೋಲುವುದು ಬಹಳ ಸಲ ಇಲ್ಲೇ.

ಕೊನೆಗೆ ಅದನ್ನು ದುಡ್ಡಿನ ಸುದ್ದಿಯಾಗಿ ತಿರುಗಿಸಿದೆ. ಬೀಗ ಬಿದ್ದ ಮನೆ, ಖರ್ಚಾದ ಹಣ, ಮಧ್ಯದಲ್ಲಿ ಎತ್ತಿನ ಮಾತು. ಇದು ಕಸುಬಿನ ಉಪಾಯ. ನನಗೇನೂ ಪೂರ್ತಿ ಇಷ್ಟವಿಲ್ಲ, ಆದರೆ ಅಚ್ಚಾಗಬೇಕಲ್ಲ. ಜೊತೆಗೆ ಆ ಹುಡುಗ ಬರೆದ ಎರಡು ಚಿತ್ರ ಕೊಟ್ಟೆ: ಎಡಕ್ಕೆ ಅಜ್ಜಿಯ ಹಳೇ ಮನೆ, ಬಲಕ್ಕೆ ಹೊಸ ಮನೆ, ಎರಡರಲ್ಲೂ ಮಲಗಿದ ಮನುಷ್ಯ, ಒಲೆ ಮತ್ತು ಎತ್ತು. ಅಳತೆ ಅಡಿಯಲ್ಲಿ, ಹೆಸರು ಕನ್ನಡದಲ್ಲಿ. ಪೇಜು ಮಾಡುವವರು ‘ಇದೇನ್ರಿ ಸ್ಕೂಲ್ ಡ್ರಾಯಿಂಗು’ ಅಂತ ಗೊಣಗಿದರೂ ನಾಲ್ಕು ಕಾಲಂ ಕೊಟ್ಟರು. ವರದಿಯನ್ನು ಎಷ್ಟು ಜನ ಓದಿದರೋ ನಾನು ಕಾಣೆ. ಆ ಚಿತ್ರ ಮಾತ್ರ ಪಂಚಾಯಿತಿ ಕಟ್ಟೆಯ ಮೇಲೆ ಓಡಾಡಿತು. ಬೇರೆ ಊರಿನವರು ಬಂದು, ನಮ್ಮಲ್ಲೂ ಹೀಗೇ ಒಂದು ಬರೆಸಿಕೊಡಿ ಅಂದರು. ತಾಲ್ಲೂಕಿನ ಒಬ್ಬ ಎಂಜಿನಿಯರ್ ಅದರ ಮೂಲ ಪ್ರತಿ ಕೇಳಿದರು. ನಕ್ಷೆ ಓದಲು ಬಾರದ ಜನ ಅಂತ ನಾವು ಯಾರನ್ನು ಅಂದುಕೊಂಡಿರುತ್ತೇವೋ ಅವರು ಆ ಚಿತ್ರದಲ್ಲಿ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರು. ನಾವು ಅದನ್ನು ಬರೆದಿರಲಿಲ್ಲ.

ಅದಾದ ಮೇಲೆ ಟಿವಿಯವರು ಬಂದರು. ಅವರಿಗೆ ಎತ್ತು ಬೇಡ, ಬಿರುಕು ಬೇಕು. ಎರಡು ಸಾಲು ಆಚೆ ಬಿರುಕು ಸಿಕ್ಕಿತು. ಸಂಜೆ ಹೊತ್ತಿಗೆ ಎರಡು ಪಕ್ಷದವರು ಪರದೆಯ ಮೇಲೆ ಕೂಗಾಡುತ್ತಿದ್ದರು, ಗೋದಲಿಯ ವಿಷಯ ಅಲ್ಲಿಗೆ ಮುಗಿಯಿತು. ಬಿರುಕಿಗೆ ಸಿಮೆಂಟು ಮೆತ್ತಿದರು. ಸಮಸ್ಯೆ ಪರಿಹಾರ ಅಂತ ಅದೂ ಸುದ್ದಿಯಾಯಿತು.

ಬಾಗಲಕೋಟೆಯಲ್ಲಿ ಕೂತು ಇದನ್ನೆಲ್ಲ ಬರೆಯುವಾಗ ನನಗೆ ಒಂದು ವಿಷಯ ಬಹಳ ಕಾಡಿದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಒಂದು ಭಾಗ ಹೋಯಿತು. ಅಲ್ಲಿಂದ ಎದ್ದವರಿಗೆ ಅಂತ ಕಟ್ಟಿದ ನವನಗರದ ಯೋಜನೆ ಮಾಡಿದ್ದು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ನವಿ ಮುಂಬೈ ಯೋಜನೆಯಲ್ಲಿ ಕೈ ಇದ್ದವರು, ಬೇಲಾಪುರದಲ್ಲಿ ಅಂಗಳದ ಸುತ್ತ ಮನೆ ಜೋಡಿಸಿ, ಮುಂದೆ ಜನರೇ ಬೆಳೆಸಿಕೊಳ್ಳುವಂತೆ ಬಿಟ್ಟವರು. ದೇಶದ ದೊಡ್ಡ ಹೆಸರು. ಆ ನಕ್ಷೆಗಳು ವಾಸ್ತುಶಿಲ್ಪದ ಇಂಗ್ಲಿಷ್ ಪುಸ್ತಕಗಳಲ್ಲಿವೆ. ನಮ್ಮ ಕನ್ನಡ ವರದಿಗಳಲ್ಲಿ ಇದ್ದದ್ದು ಪರಿಹಾರದ ಮೊತ್ತ, ನಿವೇಶನ ಹಂಚಿಕೆ, ಕೋರ್ಟು. ಆ ಪುಸ್ತಕ ಓದುವವರಿಗೆ ಸಂತ್ರಸ್ತರ ಪಾಡು ತಲುಪಲಿಲ್ಲ, ಸೆಕ್ಟರ್‌ನಲ್ಲಿ ಮನೆ ಕಟ್ಟಿಕೊಂಡವರಿಗೆ ಈ ರಸ್ತೆ ಯಾಕೆ ಹೀಗೆ ತಿರುಗುತ್ತದೆ ಅಂತ ಯಾರೂ ಹೇಳಲಿಲ್ಲ. ಕೊರಿಯಾ 2015ರಲ್ಲಿ ತೀರಿಕೊಂಡಾಗ ನವನಗರದಲ್ಲಿ ನನಗೆ ಪರಿಚಯದ ಹಲವರಿಗೆ ಈ ಊರಿನ ಯೋಜನೆ ಅವರದ್ದು ಅನ್ನುವುದೇ ಹೊಸ ವಿಷಯ. ಹಳೇ ಊರಿನ ಓಣಿ ಬಿಟ್ಟು ಸೆಕ್ಟರ್ ನಂಬರಿಗೆ ಒಗ್ಗಿಕೊಂಡ ಜನಕ್ಕೆ ಆ ಯೋಜನೆಯ ಬಗ್ಗೆ ಹೇಳಲು ಬೇಕಾದಷ್ಟಿತ್ತು, ಹೊಗಳಿಕೆಯೂ ಸೇರಿ. ಕೇಳಿದವರು ಕಡಿಮೆ.

ಪ್ರಶಸ್ತಿ ಸುದ್ದಿಯದ್ದೂ ಇದೇ ಪಾಡು. 2018ರಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿ ಅವರಿಗೆ ಈ ಕ್ಷೇತ್ರದ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂದಾಗ ನಮ್ಮ ಪುಟದಲ್ಲಿ ‘ಮೊದಲ ಭಾರತೀಯ’ ಅಂತ ಸಿಂಗಲ್ ಕಾಲಂ ಹೋಯಿತು. ಅವರು ಇಂದೋರಿನ ‘ಅರಣ್ಯ’ ಎಂಬ ಬಡಾವಣೆಯಲ್ಲಿ ಬಡವರಿಗೆ ನಿವೇಶನ, ಶೌಚಾಲಯ, ನೀರು–ಒಳಚರಂಡಿ ಕೊಟ್ಟು ಉಳಿದದ್ದನ್ನು ಅವರವರೇ ದುಡ್ಡು ಕೂಡಿದಂತೆ ಕಟ್ಟಿಕೊಳ್ಳಲು ಬಿಟ್ಟ ವಿಷಯ ಬರೆದಿದ್ದರೆ, ನಮ್ಮ ಆಸರೆ ಊರಿನವರಿಗೆ ಅದು ಮನೆಯ ಮಾತಾಗುತ್ತಿತ್ತು. ‘ಅರಣ್ಯ’ಕ್ಕೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿಯೂ ಬಂದಿದೆ. ಆ ಪ್ರಶಸ್ತಿಯ ಒಂದು ಪದ್ಧತಿ ನನಗೆ ಇಷ್ಟ. ಕಟ್ಟಡದಲ್ಲಿ ಕನಿಷ್ಠ ಒಂದು ವರ್ಷ ಜನ ಬಳಸಿ ಆಗಿರಬೇಕು, ಆಯ್ಕೆಯ ಹಂತದಲ್ಲಿ ಪರಿಣತರು ಜಾಗಕ್ಕೇ ಹೋಗಿ ನೋಡಬೇಕು. ನಾನು ಅದನ್ನೇ ನನ್ನ ನಿಯಮ ಮಾಡಿಕೊಂಡೆ. ಉದ್ಘಾಟನೆಯ ದಿನ ಫೋಟೊ ತೆಗೆದು ಬಂದರೂ, ಒಂದು ಮಳೆಗಾಲ ಒಂದು ಬೇಸಿಗೆ ಕಳೆದ ಮೇಲೆ ಅದೇ ಬಾಗಿಲಿಗೆ ಮತ್ತೆ ಹೋಗುತ್ತೇನೆ. ಡೈರಿಯಲ್ಲಿ ಮೊದಲೇ ದಿನಾಂಕ ಬರೆದಿಡುತ್ತೇನೆ, ಇಲ್ಲದಿದ್ದರೆ ಚುನಾವಣೆ, ಬರ, ಜಾತ್ರೆಯಲ್ಲಿ ಮರೆತೇ ಹೋಗುತ್ತದೆ.

ಹೋದಾಗ ‘ಮನೆ ಹೇಗಿದೆ’ ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಇನ್ನೊಂದು ಯೋಜನೆ ಬರಬಹುದು ಅಂತ ‘ಭಾಳ ತೊಂದ್ರಿ ಐತ್ರಿ’ ಅನ್ನುತ್ತಾರೆ, ಇಲ್ಲವೇ ಪಕ್ಕದಲ್ಲಿ ಮೆಂಬರ್ ನಿಂತಿದ್ದರೆ ‘ಛಲೋ ಐತ್ರಿ’ ಅನ್ನುತ್ತಾರೆ. ಅದರ ಬದಲು ಏನೇನು ಬದಲಾಯಿಸಿದ್ದಾರೆ ಅಂತ ನೋಡುತ್ತೇನೆ. ಎಲ್ಲಿ ಗೋಡೆ ಒಡೆದರು, ಎಲ್ಲಿ ತಗಡು ಇಳಿಸಿದರು, ಯಾವ ಕಿಟಕಿ ಮುಚ್ಚಿದರು. ಗುಳೇದಗುಡ್ಡದ ಕಡೆ ಒಬ್ಬ ನೇಕಾರರು ಹೊಸ ಮನೆಯ ಕಾಂಕ್ರೀಟು ನೆಲವನ್ನೇ ಅಗೆಸಿದ್ದರು. ಕುಣಿಮಗ್ಗ ಹೂಡಲು ಕಾಲು ಇಳಿಬಿಡುವ ಗುಂಡಿ ಬೇಕು, ಗುಂಡಿ ಇಲ್ಲದೆ ಖಣ ಹೇಗೆ ನೇಯುವುದು? ಕಡತದಲ್ಲಿ ಅದು ‘ನೆಲಕ್ಕೆ ಹಾನಿ’ ಅಂತ ದಾಖಲಾಗಿತ್ತು. ನಾನು ಆ ಗುಂಡಿಯ ಫೋಟೊ ಹಾಕಿ, ನೇಕಾರರೇ ಮಾಡಿದ ತಿದ್ದುಪಡಿ ಅಂತ ಬರೆದೆ.

ಮಾಧ್ಯಮ ಮನಸ್ಸು ಮಾಡಿದರೆ ವಿನ್ಯಾಸದ ಚರ್ಚೆ ಬೀದಿಗೆ ಬರುತ್ತದೆ, ಅದರಲ್ಲಿ ನನಗೆ ಸಂಶಯ ಇಲ್ಲ. ಬೆಂಗಳೂರಿನಲ್ಲಿ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಅಂತ ಹೊರಟಾಗ ನೋಡಿದ್ದೇವೆ. ಖರ್ಚು ಸುಮಾರು 1,791 ಕೋಟಿ, ಕಡಿಯಬೇಕಾದ ಮರ 812. ಆ ಅಕ್ಟೋಬರ್‌ನಲ್ಲಿ ಜನ ಕೈ ಕೈ ಹಿಡಿದು ರಸ್ತೆ ಬದಿಯಲ್ಲಿ ನಿಂತರು. ಪತ್ರಿಕೆಗಳು ನಕ್ಷೆ ಹಾಕಿದವು, ಬಸ್ಸು, ಉಪನಗರ ರೈಲಿನ ಮಾತು ಬಂತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆ ರಸ್ತೆಯಲ್ಲಿ ದಿನಾ ಓಡಾಡುವವರಲ್ಲಿ ಸಂಪಾದಕರೂ ಇದ್ದರು, ಜಾಹೀರಾತು ಕೊಡುವವರೂ ಇದ್ದರು ಅನ್ನುವುದನ್ನೂ ಸೇರಿಸಿ ಹೇಳಬೇಕು. ಆಸರೆ ಊರಿನ ದಾರಿಯಲ್ಲಿ ಅವರು ಯಾರೂ ಓಡಾಡುವುದಿಲ್ಲ.

ಬರೆಯಲು ಹೊರಟ ಹುಡುಗರಿಗೆ ನಾನು ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಕಿರುಹೊತ್ತಿಗೆಗಳನ್ನು ನೋಡಿ ಅನ್ನುತ್ತೇನೆ. ಕೇರಳದಲ್ಲಿ ಇಟ್ಟಿಗೆ ಉಳಿಸುವ ಗೋಡೆ ಹೇಗೆ ಕಟ್ಟುವುದು ಅಂತ ಸ್ವತಃ ಚಿತ್ರ ಬರೆದು, ಕೈಬರಹದಲ್ಲೇ, ಮೇಸ್ತ್ರಿಗೂ ಮನೆಯೊಡೆಯನಿಗೂ ಅರ್ಥವಾಗುವಂತೆ ವಿವರಿಸಿದವರು ಅವರು. ಯಾವ ಪತ್ರಕರ್ತನೂ ಮಧ್ಯೆ ಬೇಕಾಗಲಿಲ್ಲ! ನಮ್ಮ ಆರ್ಕಿಟೆಕ್ಟ್‌ಗಳಲ್ಲಿ ಕನ್ನಡದಲ್ಲಿ ಹೀಗೆ ಬರೆಯುವವರು ಇನ್ನೂ ಜಾಸ್ತಿ ಬೇಕು.

ಈಗ ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಮಾತು ಮತ್ತೆ ಮತ್ತೆ ಬರುತ್ತಿದೆ. ಹಾಗಾದರೆ ಇನ್ನಷ್ಟು ಊರು ಏಳಬೇಕು. ಸುದ್ದಿಯೆಲ್ಲ ಎಕರೆಗೆ ಎಷ್ಟು ಅನ್ನುವುದರ ಸುತ್ತ ತಿರುಗುತ್ತಿದೆ, ತಿರುಗಲೇಬೇಕು, ಅದು ಜನರ ಜೀವದ ಪ್ರಶ್ನೆ. ನಾನು ಅದರ ಜೊತೆಗೆ ಪುನರ್ವಸತಿ ಜಾಗದ ಲೇಔಟ್ ನಕ್ಷೆ ಕೇಳುತ್ತಾ ಹೋಗುತ್ತೇನೆ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇನೆ. ಸಿಕ್ಕಾಗ ದೊಡ್ಡದಾಗಿ ಜೆರಾಕ್ಸ್ ತೆಗೆಸಿ ಊರಿನ ಚಹಾದಂಗಡಿಯ ಟೇಬಲ್ ಮೇಲೆ ಹರಡುತ್ತೇನೆ. ಜನ ಮೊದಲು ತಮ್ಮ ಮನೆ ಹುಡುಕುವುದಿಲ್ಲ. ಹೊಲದ ದಾರಿ ಎಲ್ಲಿ, ಗುಡಿ ಎಲ್ಲಿ, ಹೆಣ ಸುಡುವ ಜಾಗ ಎಲ್ಲಿ ಅಂತ ಹುಡುಕುತ್ತಾರೆ. ಅವರು ಪೆನ್ನಿನಲ್ಲಿ ಗುರುತು ಮಾಡಿದ್ದನ್ನು ಹಾಗೇ ಫೋಟೊ ತೆಗೆದು ಪುಟಕ್ಕೆ ಕಳಿಸುತ್ತೇನೆ. ‘ನಕ್ಷೆ ಇನ್ನೂ ಫೈನಲ್ ಆಗಿಲ್ಲ, ಈಗಲೇ ಯಾಕೆ ಬರೆಯುತ್ತೀರಿ?’ ಅಂತ ಕಚೇರಿಯಿಂದ ಫೋನು ಬರುತ್ತದೆ. ಫೈನಲ್ ಆಗಿಲ್ಲ ಅಂತಲೇ ಬರೆದದ್ದು ಸಾರ್ ಅನ್ನುತ್ತೇನೆ.